ಒಂದು ಮೊರ ತೌಡು

ಗೋಗಿಯಿಂದ ಶಹಾಪುರಕ್ಕೆ ಹೋಗುವ ಆಟೋ ಊರು ಮುಟ್ಟುವ ಮೊದಲು ಒಂದು ರೈಸ್ ಮಿಲ್ಲಿನ ಮುಂದೆ ನಿಲ್ಲುತ್ತದೆ. ಹಮಾಲರು ಅಲ್ಲಿ ಇಳಿಯುತ್ತಾರೆ. ಅವರ ಜಾಗಕ್ಕೆ ಬೇರೆ ಮಂದಿ ತುಂಬುವ ತನಕ ಆಟೋದವನು ಕದಲುವುದಿಲ್ಲ. ಹೋದ ತಿಂಗಳು ಹಾಗೆ ನಿಂತಿದ್ದಾಗ ಗಾಳಿ ಈ ಕಡೆ ತಿರುಗಿತು, ಬಿಸಿ ತೌಡಿನ ವಾಸನೆ ಮುಖಕ್ಕೆ ಬಡಿಯಿತು. ಪಕ್ಕದಲ್ಲಿ ಕುಂತಿದ್ದ ಹುಡುಗಿ ಮೂಗಿಗೆ ವೇಲು ಹಿಡಿದಳು. ನಾನು ಹಿಡಿಯಲಿಲ್ಲ. ಆ ವಾಸನೆ ಬಂದರೆ ನನಗೆ ಒಂದೇ ವರ್ಷ ನೆನಪಾಗುತ್ತದೆ, ಬೇರೆ ಯಾವುದೂ ಇಲ್ಲ.

ಅವತ್ತು ನಾನು ಮನೆ ಬಿಟ್ಟಿದ್ದೇ ಗುಮಾನಿಯ ಮೇಲೆ. ಹಿಂದಿನ ದಿನ ಆಶ್ರಮದಿಂದ ಫೋನು ಬಂದಿತ್ತು. ಅನಾಥ ಮಕ್ಕಳ ಆಶ್ರಮ ಅದು, ನಾನು ಬಹಳ ವರ್ಷ ಅಲ್ಲಿ ಅಡಿಗೆ ಮಾಡಿಕೊಂಡಿದ್ದೆ. ಪರದೇಶದಿಂದ ಯಾರೋ ಬಂದಿದ್ದಾರೆ, ನಿನ್ನನ್ನು ಕೇಳುತ್ತಿದ್ದಾರೆ, ಮುಂಜಾನೆ ಬಾ ಅಂದರು. ಯಾರು ಅಂತ ಕೇಳಿದರೆ ಹೇಳಲಿಲ್ಲ, ಬಂದು ನೋಡು ಅಂದರು. ಹೆಸರು ಹೇಳದೆ ಕರೆಯುವವರನ್ನು ನಾನು ನಂಬುವುದಿಲ್ಲ. ಆದರೂ ಶೇಂಗಾದ ಉಂಡಿ ಮಾಡಿ ಬಟ್ಟೆಯಲ್ಲಿ ಕಟ್ಟಿಕೊಂಡಿದ್ದೆ. ಯಾರಿರಬಹುದು ಅಂತ ಹೊಟ್ಟೆಯೊಳಗೆ ಗೊತ್ತಿತ್ತು.

ಆ ವಾಸನೆಯ ವರ್ಷ ಅಂದರೆ ನಮ್ಮ ಕಡೆಯ ಕೆನಾಲಿಗೆ ಮೊದಲ ಸಲ ನೀರು ಬಂದ ವರ್ಷ. ಅದಕ್ಕೂ ಮೊದಲು ಇಲ್ಲಿ ಜೋಳ, ಸಜ್ಜೆ, ತೊಗರಿ ಬಿಟ್ಟರೆ ಬೇರೆ ಬೆಳೆ ಇರಲಿಲ್ಲ. ಅನ್ನ ಅಂದರೆ ಹಬ್ಬಕ್ಕೆ, ಇಲ್ಲವೇ ಜಡ್ಡು ಬಿದ್ದವರಿಗೆ. ನೀರು ಬರುವುದಕ್ಕೂ ಕೆಲವು ವರ್ಷ ಮೊದಲು ಕೆನಾಲು ಅಗಿಯಲು ಪಾಲಮೂರು ಕಡೆಯ ಕೂಲಿ ಮಂದಿ ಬಂದರು, ಗಂಡ, ಹೆಂಡತಿ, ಕೂಸು, ನಾಯಿ, ಕತ್ತೆ ಎಲ್ಲ ಸಮೇತ. ಗೋಗಿ ಹೊರಗೆ ಗುಡಿಸಲು ಹಾಕಿದರು. ನನ್ನ ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ, ಒಂದು ಎಮ್ಮೆ ಇತ್ತು. ಆ ಗುಡಿಸಲುಗಳಿಗೆ ಹಾಲು ಹಾಕಿ ಜೀವನ ಮಾಡುತ್ತಿದ್ದೆ.

ಅಲ್ಲಿ ಯಂಕಮ್ಮ ಅಂತ ಒಬ್ಬಳಿದ್ದಳು. ಬಸಿರಿದ್ದಾಗಲೂ ತಲೆಯ ಮೇಲೆ ಮಣ್ಣಿನ ಬುಟ್ಟಿ ಹೊತ್ತು ಏರಿ ಹತ್ತುತ್ತಿದ್ದಳು. ಹುಟ್ಟಿದ ಕೂಸುಗಳು ಒಂದಾದ ಮೇಲೊಂದು ಹೋಗಿದ್ದವು, ಒಂದೂ ಉಳಿದಿರಲಿಲ್ಲ. ಈ ಸಲ ಹೆಣ್ಣು ಹುಟ್ಟಿತು. ಅದಕ್ಕೆ ಒಂದು ರೂಢಿ ಇದೆ, ನಮ್ಮಲ್ಲೂ ಇದೆ, ಅವರಲ್ಲೂ ಇದೆ. ಉಳಿಯದ ಮನೆಯ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ, ಇದು ನನ್ನದಲ್ಲ ಅಂತ ಅವ್ವ ಮುಖ ತಿರುಗಿಸಬೇಕು. ಬೇರೆ ಹೆಣ್ಣುಮಗಳು ಬಂದು ಒಂದು ಮೊರ ತೌಡು ಕೊಟ್ಟು ಅದನ್ನು ಕೊಂಡುಕೊಳ್ಳಬೇಕು. ಆಮೇಲೆ ನನ್ನ ಕೂಸು ಸಾಕಿ ಕೊಡು ಅಂತ ತಿರುಗಿ ಅವ್ವನ ಕೈಗೇ ಕೊಡಬೇಕು. ಜಮರಾಯ ಹುಡುಕಿಕೊಂಡು ಬಂದರೆ ಆ ಮನೆಯಲ್ಲಿ ಆ ಮನೆಯ ಕೂಸು ಸಿಗಬಾರದು, ಅಷ್ಟೇ ಅದರ ಹಕೀಕತ್ತು. ಹಾಗೆ ಬದುಕಿದವರಿಗೆ ತಿಪ್ಪಣ್ಣ, ತಿಪ್ಪಮ್ಮ ಅಂತ ಹೆಸರಿಡುತ್ತಾರೆ. ದೊಡ್ಡದಾದ ಮೇಲೆ, ಲಗ್ನದ ಹೊತ್ತಿಗೆ, ಹೆತ್ತವರು ಇಲ್ಲವೇ ಕೂಸನ್ನು ಒಯ್ಯುವವರು ತಿರುಗಿ ತೌಡು ಕೊಟ್ಟು, ಕೊಂಡಾಕೆಯ ಕೈಯಿಂದ ಬಿಡಿಸಿಕೊಳ್ಳಬೇಕು. ಬಿಡಿಸಿಕೊಳ್ಳದೆ ಒಯ್ದರೆ ಆ ಕೂಸಿಗೆ ಆಗಿಬರುವುದಿಲ್ಲ.

ಯಂಕಮ್ಮ ನನ್ನನ್ನು ಕೇಳಿದಳು. ಮನೆಯಲ್ಲಿ ಎಮ್ಮೆಗೆ ಅಂತ ಸಜ್ಜೆಯ ತೌಡು ಇತ್ತು. ಒಂದು ಮೊರ ಒಯ್ದು ಕೊಟ್ಟು ಕೂಸು ಎತ್ತಿಕೊಂಡೆ. ತಿಪ್ಪಮ್ಮ ಅಂತ ನಾನೇ ಕರೆದೆ.

ಜಮರಾಯ ಮೋಸ ಹೋದ, ಆದರೆ ಪೂರಾ ಹೋಗಲಿಲ್ಲ. ಕೂಸು ಇನ್ನೇನು ಗೋಡೆ ಹಿಡಿದು ನಿಲ್ಲಬೇಕು, ಜ್ವರ ಬಂತು. ಜ್ವರ ಬಿಟ್ಟಿತು, ಕಾಲೆರಡೂ ಹೋದವು. ಪೋಲಿಯೋ ಅಂದರು. ಸೊಂಟದಿಂದ ಕೆಳಗೆ ಬಟ್ಟೆ ಜೋತಾಡಿದ ಹಾಗೆ ಜೋತಾಡುತ್ತಿದ್ದವು. ಮುಂದಿನ ಬೇಸಿಗೆಯಲ್ಲಿ ಯಂಕಮ್ಮ ವಾಂತಿ ಭೇದಿಯಲ್ಲಿ ತೀರಿಕೊಂಡಳು. ಅವಳ ಗಂಡ ಕೂಸನ್ನು ತಂದು ನನ್ನ ಕಟ್ಟೆಯ ಮೇಲೆ ಕೂಡಿಸಿ, ಕೊಂಡಾಕಿ ನೀನು, ನೀನೇ ನೋಡ್ಕೋ ಅಂದು ಮುಂದಿನ ಕೆಲಸಕ್ಕೆ ಹೋದ. ಮತ್ತೆ ಬರಲಿಲ್ಲ. ನಾನೂ ಹುಡುಕಲಿಲ್ಲ.

ಕೂಸು ಕಟ್ಟಿಕೊಂಡು ಹಾಲು ಮಾರುವುದು ಆಗಲಿಲ್ಲ. ಶಹಾಪುರದ ಆಶ್ರಮಕ್ಕೆ ಹೋದೆ. ಅದನ್ನು ನಡೆಸುವವರನ್ನು ಎಲ್ಲರೂ ಅಕ್ಕೋರು ಅನ್ನುತ್ತಿದ್ದರು, ಮೊದಲು ಸಾಲಿಯಲ್ಲಿ ಕಲಿಸುತ್ತಿದ್ದರು. ಕೂಸನ್ನು ಇಟ್ಟುಕೊಳ್ರಿ, ಜತೆಗೆ ನನ್ನನ್ನೂ ಎಮ್ಮೆಯನ್ನೂ ಇಟ್ಟುಕೊಳ್ರಿ ಅಂದೆ. ಮೂವರನ್ನೂ ಇಟ್ಟುಕೊಂಡರು.

ತಿಪ್ಪಿ ಕೈಯೂರಿ ಕುಂಡಿ ಎಳೆಯುತ್ತ ಅಡಿಗೆಮನೆ ತುಂಬ ಓಡಾಡುತ್ತಿದ್ದಳು. ಮಾತು ಚುರುಕು. ಆಶ್ರಮಕ್ಕೆ ಯಾರು ಯಾರೋ ಬರುತ್ತಾರೆ, ಹುಟ್ಟಿದ ದಿನ ಅಂತ, ತಿಥಿ ಅಂತ, ಏನಾದರೂ ತಂದು ಮಕ್ಕಳ ಬಾಯಿಗೆ ಹಾಕುತ್ತಾರೆ. ಒಂದು ಸಲ ಕೆಟ್ಟ ಪೇಢೆ ತಿಂದು ಎಲ್ಲ ಮಕ್ಕಳೂ ಮಲಗಿಬಿಟ್ಟಿದ್ದವು. ಆವತ್ತಿನಿಂದ ತಿಪ್ಪಿಗೆ ಕಲಿಸಿದ್ದೆ, ಯಾರು ಏನು ಕೊಟ್ಟರೂ ನಾನು ತಿಂದ ಮೇಲೆ ನೀನು ತಿನ್ನು ಅಂತ. ಅದು ನನಗಿಂತ ಮುಂದೆ ಹೋಯಿತು. ಕೊಟ್ಟಿದ್ದನ್ನು ಮೂಸಿ ನೋಡುವುದು, ನನ್ನ ಮುಂದೆ ಹಿಡಿಯುವುದು, ನಾನು ಕಡಿದ ಮೇಲೆ ಬಾಯಿ ತೆರೆಸಿ ನುಂಗಿದೆನೋ ಇಲ್ಲವೋ ನೋಡುವುದು, ಆಮೇಲೆ ತಿನ್ನುವುದು. ನನ್ನನ್ನೂ ನಂಬುತ್ತಿರಲಿಲ್ಲ ಅಂದ ಹಾಗಾಯಿತು. ಇರಲಿ ಅಂತ ಬಿಟ್ಟೆ.

ನೀರು ಬರುವ ಆ ವರ್ಷ, ಮೃಗಶಿರ ಮಳೆ ಬಿದ್ದು ನೆಲ ಇನ್ನೂ ಆರಿರಲಿಲ್ಲ, ಅಕ್ಕೋರು ನನ್ನನ್ನು ಕರೆದು ಸ್ವೀಡನ್ ಅನ್ನುವ ದೇಶದ ಗಂಡಹೆಂಡತಿ ತಿಪ್ಪಿಯನ್ನು ದತ್ತು ಕೇಳಿದ್ದಾರೆ ಅಂದರು. ಕಾಲು ಬರಲ್ಲ ಅಂತ ಗೊತ್ತಾ ಅವರಿಗೆ ಅಂದೆ. ಗೊತ್ತು, ಅಂಥದ್ದೇ ಕೂಸು ಕೊಡ್ರಿ ಅಂತ ಕೇಳ್ಯಾರ ಅಂದರು.

ನನ್ನ ಗುಮಾನಿ ಶುರುವಾಗಿದ್ದು ಅಲ್ಲೇ. ನಮ್ಮ ಕಡೆ ಕೈಕಾಲು ಸರಿಯಿದ್ದ ಹೆಣ್ಣುಕೂಸನ್ನೇ ಬೇಡ ಅನ್ನುತ್ತಾರೆ. ಸಮುದ್ರ ದಾಟಿ ಬಂದು ಕಾಲಿಲ್ಲದ್ದನ್ನೇ ಕೇಳುತ್ತಾರೆ ಅಂದರೆ ಆ ಕೂಸಿನಲ್ಲಿ ಅವರಿಗೆ ಬೇಕಾದ್ದು ಏನು? ಚಹಾದ ಅಂಗಡಿಯವನನ್ನು ಕೇಳಿದೆ, ಕಿಡ್ನಿ ತೆಗೀತಾರ ಅಂದ. ಸುರಪುರದ ಬಸ್ಸಿನಲ್ಲಿ ಒಬ್ಬಳು ಕಣ್ಣು ಅಂದಳು. ಇನ್ನೊಬ್ಬ ಸರ್ಕಸ್ ಅಂದ. ಯಾರೂ ಒಳ್ಳೆಯದು ಹೇಳಲಿಲ್ಲ. ಅಕ್ಕೋರಿಗೆ ಇದನ್ನೆಲ್ಲ ಹೇಳಿದರೆ, ನೀ ಇಟ್ಟುಕೊಳ್ತೀಯೇನು ಹಂಗಾರ ಅಂದರು. ನಾನು ಹೇಗೆ ಇಟ್ಟುಕೊಳ್ಳಲಿ? ಎತ್ತಿ ಕೂಡಿಸಲು, ಎತ್ತಿ ಹೊರಗೆ ಒಯ್ಯಲು ಆಳು ಬೇಕು. ನಾನು ಸತ್ತ ಮೇಲೆ ಯಾರು ಎತ್ತುತ್ತಾರೆ? ಅದೂ ಅಲ್ಲದೆ ನಮ್ಮ ಆಶ್ರಮದಲ್ಲಿ ನಡೆಯಲು ಬರದ ಮಕ್ಕಳನ್ನು ಸಾಲಿಯ ವಯಸ್ಸಾದ ಮೇಲೆ ಇಡುತ್ತಿರಲಿಲ್ಲ, ದೂರದ ದೊಡ್ಡ ಊರಿನ ಒಂದು ಮನೆಗೆ ಕಳಿಸುತ್ತಿದ್ದರು. ಹಿಂದಿನ ವರ್ಷ ಒಂದು ಕೂಸನ್ನು ಬಿಡಲು ನಾನೇ ಹೋಗಿದ್ದೆ. ಚಾಪೆಯ ಮೇಲೆ ಸಾಲಾಗಿ ಮಲಗಿಸಿದ್ದರು, ಎಲ್ಲರ ತಲೆ ಬೋಳಿಸಿದ್ದರು, ಯಾವುದು ಹೆಣ್ಣು ಯಾವುದು ಗಂಡು ಗೊತ್ತಾಗುತ್ತಿರಲಿಲ್ಲ. ಆ ಕೂಸಿನ ಹೆಸರು ಹೇಳಿದರೆ ಯಾರೂ ಕೇಳಿಸಿಕೊಳ್ಳಲಿಲ್ಲ. ತಿಪ್ಪಿಗೆ ಇದ್ದದ್ದು ಎರಡೇ ದಾರಿ. ಒಂದು ನಾನು ಕಣ್ಣಾರೆ ನೋಡಿದ್ದು, ಇನ್ನೊಂದು ನೋಡದೇ ಇದ್ದದ್ದು.

ಅವರು ಬಂದರು. ಆಕೆ ಎತ್ತರ, ಮೈಯೆಲ್ಲ ಬಿಸಿಲಿಗೆ ಕೆಂಪಾಗಿತ್ತು. ಅವನು ಗಡ್ಡದವನು, ಮಾತು ಕಡಿಮೆ. ಜತೆಗೆ ಕಲಬುರ್ಗಿಯಿಂದ ಮಕ್ಕಳ ಇಲಾಖೆಯ ಸಾಹೇಬರು, ಮಂಗಳೂರು ಕಡೆಯವರು, ಪುಸ್ತಕ ಓದಿದ ಹಾಗೆ ಮಾತಾಡುತ್ತಿದ್ದರು. ನಾನು ಬಾಗಿಲ ಹತ್ತಿರ ನಿಂತೆ. ಆಕೆ ತಿಪ್ಪಿಗೆ ಬಿಸ್ಕಿಟು ಕೊಟ್ಟಳು. ತಿಪ್ಪಿ ಮೂಸಿ ನೋಡಿ ಕೈಯೂರುತ್ತ ನನ್ನ ಹತ್ತಿರ ತಂದಳು. ನಾನು ಒಂದು ತುಣುಕು ತಿಂದೆ, ಬಾಯಿ ತೋರಿಸಿದೆ, ಆಮೇಲೆ ಅವಳು ತಿಂದಳು. ಆಕೆ ಇದನ್ನೆಲ್ಲ ನೋಡುತ್ತ ನಿಂತಿದ್ದಳು, ಮುಖ ಸಣ್ಣದಾಗಿತ್ತು.

ಅಷ್ಟರಲ್ಲಿ ಆ ಗಡ್ಡದವನು ನೆಲದ ಮೇಲೆ ಕುಂತು ಕಿಸೆಯಿಂದ ಟೇಪು ತೆಗೆದ. ತಿಪ್ಪಿಯ ಪಾದವನ್ನು ಅಂಗೈ ಮೇಲೆ ಇಟ್ಟುಕೊಂಡು ಹಿಮ್ಮಡಿಯಿಂದ ಬೆರಳ ತನಕ ಅಳೆದ. ಚೀಟಿಯಲ್ಲಿ ಬರೆದುಕೊಂಡ. ಆಮೇಲೆ ಹಿಮ್ಮಡಿಯಿಂದ ತೊಡೆಯ ತನಕ ಅಳೆದ.

ನಮ್ಮಲ್ಲಿ ಪಾದ ಅಳೆಯುವುದು ಯಾವಾಗ ಅಂದರೆ ಮನುಷ್ಯ ಸತ್ತಾಗ. ಹೆಣದ ಪಾದಕ್ಕೆ ಕಡ್ಡಿ ಹಿಡಿದು ಅಳತೆ ತೆಗೆದು, ಆ ಅಳತೆಯ ಮೇಲೆ ಕುಣಿ ತೋಡುತ್ತಾರೆ. ನನ್ನ ಗಂಡನಿಗೂ ಹಾಗೇ ಮಾಡಿದ್ದರು. ಚಪ್ಪಲಿ ಹೊಲಿಯುವವನೂ ಪಾದ ನೋಡುತ್ತಾನೆ, ಖರೆ, ಆದರೆ ನಡೆಯದ ಕೂಸಿಗೆ ಚಪ್ಪಲಿ ಯಾತಕ್ಕೆ? ಒಳಗೆ ಹೋಗಿ ಟೇಪು ಹಿಡಿದ ಅವನ ಕೈಯನ್ನು ದೂಡಿದೆ.

"ಅಳತಿ ಬಿಡ್ರಿ. ಕೂಸು ನಂದದ. ನಾ ಕೊಂಡೀನಿ. ಕೊಡೂದಾದ್ರ ನಾ ಕೊಡಬೇಕು."

ಸಾಹೇಬರ ಪೆನ್ನು ನಿಂತಿತು. "ಏನಂದ್ರಿ? ಮಗುವನ್ನು ಕೊಂಡುಕೊಂಡಿದ್ದೀರಾ?"

"ಹೌದ್ರಿ."

"ಯಾರ ಹತ್ತಿರ?"

"ಅದರ ಅವ್ವನ ಹತ್ರ."

"ಎಲ್ಲಿ?"

"ತಿಪ್ಪಿ ಮ್ಯಾಲೆ."

ಅಕ್ಕೋರು ಹಣೆಗೆ ಕೈ ಹಚ್ಚಿಕೊಂಡರು. ಅವರು ಕಾರವಾರದ ಕಡೆಯವರು, ಅವರಿಗೂ ಈ ರೂಢಿ ಗೊತ್ತಿರಲಿಲ್ಲ, ಗೊತ್ತಿದ್ದರೆ ಅಲ್ಲೇ ಬಿಡಿಸಿ ಹೇಳುತ್ತಿದ್ದರು. ಸಾಹೇಬರು ಎಲ್ಲ ಬರೆದುಕೊಂಡು ಎದ್ದುಬಿಟ್ಟರು. ಮಕ್ಕಳ ವ್ಯಾಪಾರದ ಸಂಗತಿ ಇದು, ವಿಚಾರಣೆ ಆಗುವ ತನಕ ದತ್ತು ನಿಲ್ಲಬೇಕು ಅಂದರು. ನಾನು ದಲ್ಲಾಳಿ ಅಂತ ಅವರ ಲೆಕ್ಕ. ಪರದೇಶದವರು ಕಳ್ಳರು ಅಂತ ನನ್ನ ಲೆಕ್ಕ. ಹೋಗುವಾಗ ಆಕೆ ಗಾಡಿಯ ಕಿಟಕಿಯಿಂದ ನನ್ನನ್ನೇ ನೋಡಿದಳು. ಅಳುತ್ತಿದ್ದಳು, ಆದರೆ ಕಣ್ಣು ತೆಗೆಯಲಿಲ್ಲ. ಈ ಹೆಣ್ಮಗಳಿಗೆ ಏನು ಬೇಕಂತ ಕೇಳಿದ್ಳು, ನಾ ಏನು ಹೇಳ್ಲಿ ಅಂತ ಅಕ್ಕೋರು ಆಮೇಲೆ ನನ್ನನ್ನು ಬೈದರು. ನನಗೇನೂ ಬೇಡಾಗಿತ್ತು. ಕೂಸಿನ ಪಾದ ಅಳೆಯಬಾರದಾಗಿತ್ತು, ಅಷ್ಟೇ.

ಶ್ರಾವಣ ಬರುವ ಮೊದಲೇ ಕೆನಾಲಿಗೆ ನೀರು ಬಿಟ್ಟರು. ಎಷ್ಟೋ ವರ್ಷದಿಂದ ಇವತ್ತು ಬರುತ್ತದೆ ನಾಳೆ ಬರುತ್ತದೆ ಅಂತ ಹೇಳಿ ಹೇಳಿ ಮಂದಿಗೆ ನಂಬಿಕೆಯೇ ಹೋಗಿತ್ತು. ತಿಪ್ಪಿಯನ್ನು ಸೊಂಟದ ಮೇಲೆ ಕೂಡಿಸಿಕೊಂಡು ನೋಡಲು ಹೋದೆ. ಏರಿಯ ತುಂಬ ಮಂದಿ. ಮೊದಲು ನೊರೆ ಬಂತು, ಕಸ ಬಂತು, ಒಂದು ಹರಕು ಚಪ್ಪಲಿ ಬಂತು, ಸತ್ತ ಹಾವು ಬಂತು, ಅದರ ಹಿಂದೆ ಕೆಂಪು ನೀರು. ಕೆಲವರು ಕಾಯಿ ಒಡೆದರು. ಒಬ್ಬ ಮುದುಕ ಬೊಗಸೆಯಲ್ಲಿ ಹಿಡಿದು ನೋಡಿ, ನೋಡಾಕ ಬಿಟ್ಟಾರ, ನಾಳಿ ಬಂದ್ ಮಾಡ್ತಾರ ಅಂದು ಮನೆಗೆ ಹೋದ. ನನ್ನ ಮನಸ್ಸಿನ ಮನುಷ್ಯ.

"ಯವ್ವ, ಇದು ಎಲ್ಲಿಗಿ ಹೋಗ್ತದ?" ಅಂದಳು ತಿಪ್ಪಿ.

"ನಂಗೇನು ಗೊತ್ತು."

"ತಿರುಗಿ ಬರ್ತದೇನು?"

ಇಲ್ಲ ಅಂದೆ. ಇದನ್ನು ಅಗಿದಾಕಿ ನಿಮ್ಮವ್ವ ಅಂತ ಹೇಳಬೇಕು ಅನಿಸಿತು. ಹೇಳಲಿಲ್ಲ.

ನೀರು ನಿಲ್ಲಲಿಲ್ಲ. ಆಂಧ್ರದ ಕಡೆಯವರು ಬಂದು ಹೊಲಗಳನ್ನು ಲಾವಣಿಗೆ, ಅಂದರೆ ಗುತ್ತಿಗೆಗೆ, ಹಿಡಿದು, ಕೆರೆಯ ಹಾಗೆ ನೀರು ಕಟ್ಟಿ ಭತ್ತ ನಾಟಿ ಮಾಡಿಸಿದರು. ಎರೆ ಹೊಲದಲ್ಲಿ ನೀರು ನಿಲ್ಲಿಸಿದರೆ ಕೆಡುತ್ತದೆ ಅಂತ ನಮ್ಮವರು ನಕ್ಕರು. ಆ ಮಳೆಗಾಲವೆಲ್ಲ ಕಪ್ಪೆ, ಸೊಳ್ಳೆ, ಚಳಿಜ್ವರ. ಆಶ್ರಮದಲ್ಲಿ ಅಕ್ಕೋರು ನನ್ನ ಜತೆ ಕೆಲಸದ ಮಾತು ಬಿಟ್ಟರೆ ಆಡುತ್ತಿರಲಿಲ್ಲ. ಗಣಪತಿ ಹಬ್ಬದ ಹೊತ್ತಿಗೆ ದೊಡ್ಡ ಊರಿನ ಆ ಮನೆಯಿಂದ, ಜಾಗ ಖಾಲಿಯಿದೆ, ತಿಪ್ಪಮ್ಮನನ್ನು ಕಳಿಸಬಹುದು ಅಂತ ಕಾಗದ ಬಂತು. ಅಕ್ಕೋರು ಅದನ್ನು ನನಗೆ ಹೇಳಿ ಮುಖ ನೋಡಿದರು. ಬೋಳು ತಲೆಗಳ ಸಾಲು ಕಣ್ಣ ಮುಂದೆ ಬಂತು. ಕಿಡ್ನಿಯ ಮಾತು ಬರೇ ಮಾತು, ಆ ಚಾಪೆ ಮಾತ್ರ ನಾನು ಮುಟ್ಟಿದ್ದು. ವಿಚಾರಣಿ ಬೇಗ ಮಾಡಲಿಕ್ಕೆ ಹೇಳ್ರಿ ಅಂದೆ.

ದೀಪಾವಳಿ ದಾಟಿದ ಮೇಲೆ ಸಾಹೇಬರು ಬಂದರು. ಜತೆಗೆ ಅವರ ಕಚೇರಿಯ ಜವಾನ, ಯಾದಗಿರಿ ಹತ್ತಿರದ ರಾಮಸಮುದ್ರದವನು, ಫೈಲು ಹೊತ್ತುಕೊಂಡು. ಸಾಹೇಬರು ಮತ್ತೆ ಅದೇ ಕೇಳಿದರು. ನಾನು ಮತ್ತೆ ಅದೇ ಹೇಳಿದೆ. ಎಷ್ಟು ಕೊಟ್ಟಿರಿ ಅಂದರು.

"ಒಂದು ಮೊರ ತೌಡು."

"ತೌಡಾ? ಒಂದು ಮಗುವಿಗೆ ತೌಡಾ?"

ಜವಾನ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗಲು ಶುರು ಮಾಡಿದ. ಸಾಹೇಬರು ತಿರುಗಿ ನೋಡಿದರು.

"ಸಾಹೇಬ್ರ, ನಾನೂ ಮಾರಿದ ಮಾಲೇ ರೀ," ಅಂದ ಅವನು. "ನನ್ನ ಹೆಸರು ತಿಪ್ಪಣ್ಣ ಯಾಕಂತ ನೀವು ಒಂದಿನಾನೂ ಕೇಳಲಿಲ್ಲ. ನಮ್ಮ ಸೋದರತ್ತಿ ತೌಡು ಕೊಟ್ಟು ಕೊಂಡಾಳ. ಲಗ್ನದಾಗ ನಮ್ಮವ್ವ ತಿರುಗಿ ತೌಡು ಕೊಟ್ಟು ಬಿಡಿಸಿಕೊಂಡಳು. ಅತ್ತಿ ಈಗೂ ಅಂತಾಳ, ಆ ಸೌದಾದಾಗ ನಂಗ ಲುಕ್ಸಾನ್ ಆತು ಅಂತ."

ಅವನು ಎಲ್ಲ ಬಿಡಿಸಿ ಹೇಳಿದ. ಸಾಹೇಬರು ಬಹಳ ಹೊತ್ತು ಕನ್ನಡಕ ಒರೆಸಿದರು. ಬರೆದಿದ್ದನ್ನು ಹೊಡೆದು ಹಾಕಿ ಬೇರೆ ಬರೆದರು. ಈ ಮಗುವಿನ ಮೇಲೆ ನಿಮ್ಮ ಹಕ್ಕು ಏನೂ ಇಲ್ಲ ಅಂತ ಸಹಿ ಮಾಡುತ್ತೀರಾ ಅಂದರು. ಸಹಿ ನನಗೆ ಬರುತ್ತಿತ್ತು. ಆದರೆ ಪೆನ್ನು ಮುಟ್ಟಲಿಲ್ಲ.

"ತೌಡು ಕೊಟ್ಟು ಬಿಡಿಸಿಕೊಂಡು ಒಯ್ಯಬೇಕ್ರಿ. ಇಲ್ಲಂದ್ರ ಕೂಸಿಗಿ ಆಗಿಬರೂದಿಲ್ಲ."

ದತ್ತುವಿನಲ್ಲಿ ಯಾರೂ ಯಾರಿಗೂ ಏನೂ ಕೊಡುವ ಹಾಗಿಲ್ಲ, ಕಾನೂನು ಅಂದರು. ಅದು ಎಮ್ಮಿ ತಿನ್ನೂದು ರೀ ಅಂದ ತಿಪ್ಪಣ್ಣ. ಸಾಹೇಬರು ಕಿಟಕಿಯಿಂದ ಹೊರಗೆ ನೋಡಿದರು. ಅಲ್ಲಿ ನನ್ನ ಎಮ್ಮೆ ಕಟ್ಟಿತ್ತು.

"ಎಮ್ಮೆಗೆ ಯಾರು ಏನು ಹಾಕಿದರೂ ಅದು ನನ್ನ ಇಲಾಖೆಗೆ ಬರುವುದಿಲ್ಲ," ಅಂದರು.

ಆಗ ಸಹಿ ಮಾಡಿದೆ. ಸಹಿ ಮಾಡಿದೆ ಅಂದ ಮಾತ್ರಕ್ಕೆ ಅವರನ್ನು ನಂಬಿದೆ ಅಂತಲ್ಲ. ಆ ವಾರ ಹಚ್ಚೆ ಹಾಕುವಾಕೆ ಬೀದಿಯಲ್ಲಿ ಕೂಗಿಕೊಂಡು ಹೋಗುತ್ತಿದ್ದಳು. ಅವಳನ್ನು ಅಡಿಗೆಮನೆಯ ಹಿಂದೆ ಕರೆದು ತಿಪ್ಪಿಯ ಎಡ ಮೊಣಕೈ ಹಿಂದೆ ಹಸಿರು ಚುಕ್ಕೆ ಹಾಕಿಸಿದೆ, ಒಲೆಯ ಕಲ್ಲಿನ ಹಾಗೆ ಮೂರು. ನಾಳೆ ಬೇರೆ ಕೂಸಿನ ಫೋಟೋ ಕಳಿಸಿ ಇದೇ ತಿಪ್ಪಿ ಅಂದರೆ ನನ್ನ ಹತ್ತಿರ ಗುರುತು ಬೇಕಲ್ಲ. ತಿಪ್ಪಿ ಹಚ್ಚೆಯವಳ ಕೈ ಕಚ್ಚಿಬಿಟ್ಟಳು. ಅಕ್ಕೋರು ಮತ್ತೆ ಬೈದರು.

ಭತ್ತ ಕೊಯ್ಯುವ ಕಾಲಕ್ಕೆ ಅವರು ತಿರುಗಿ ಬಂದರು. ಚಳಿಗಾಲ, ಮುಂಜಾನೆ ಗದ್ದೆಗಳ ಮೇಲೆ ಮಂಜು ಕೂಡುತ್ತಿತ್ತು, ನಮ್ಮ ಕಡೆ ಅಂಥ ಮಂಜು ಅದೇ ಮೊದಲು. ಗಡ್ಡದವನು ಒಂದು ಡಬ್ಬಿ ತೆಗೆದ. ಅದರಲ್ಲಿ ತೊಗಲಿನ ಬೂಟು, ಬೂಟಿನ ಎರಡೂ ಮಗ್ಗುಲಿಗೆ ತೊಡೆ ಮುಟ್ಟುವ ಕಬ್ಬಿಣದ ಪಟ್ಟಿ. ಪಾದ ಅಳೆದಿದ್ದು ಇದಕ್ಕೆ. ನಾನು ಮೊದಲು ಬೂಟಿನ ಒಳಗೆ ಕೈ ಹಾಕಿ ಬೆರಳಾಡಿಸಿ ನೋಡಿದೆ. ಮೆತ್ತಗೆ ಬಟ್ಟೆ ಹೊಲಿದಿದ್ದರು, ಬೇರೇನೂ ಇರಲಿಲ್ಲ. ತಿಪ್ಪಿಗೆ ತೊಡಿಸಿ ಕಿಟಕಿಯ ಸರಳು ಹಿಡಿಸಿದರು. ನಿಂತಳು. ಅವಳು ಅಷ್ಟು ಉದ್ದ ಇದ್ದಾಳೆ ಅಂತ ನನಗೆ ಅವತ್ತೇ ಗೊತ್ತಾಗಿದ್ದು. ಆಮೇಲೆ ಬಿದ್ದಳು.

ತಿಪ್ಪಣ್ಣ ಹೊಸ ಮಿಲ್ಲಿನಿಂದ ತೌಡು ತಂದಿದ್ದ, ಇದೇ ನೆಲದ ಮೊದಲ ಭತ್ತದ್ದು. ಅಡಿಗೆಮನೆಯ ಹಿಂದೆ ತಿಪ್ಪೆಯ ಮೇಲೆ ತಿಪ್ಪಿಯನ್ನು ಕೂಡಿಸಿದೆ. ಅಕ್ಕೋರು ಆ ಪರದೇಶದಾಕೆಗೆ ಇಂಗ್ಲಿಷಿನಲ್ಲಿ ಏನೋ ಹೇಳಿಕೊಟ್ಟರು. ಆಕೆ ಬೂಟು ಬಿಚ್ಚಿ ಬರಿಗಾಲಲ್ಲಿ ಸೆಗಣಿ ತುಳಿದು ಬಂದು ಮೊರವನ್ನು ನನ್ನ ಮುಂದೆ ಇಟ್ಟಳು. ನಾನು ತೌಡನ್ನು ಬೆರಳಲ್ಲಿ ತಿಕ್ಕಿ, ಮೂಸಿ, ಚಿಟಿಕೆ ಬಾಯಿಗೆ ಹಾಕಿಕೊಂಡು ನೋಡಿದೆ. ಮಿಲ್ಲಿನವನು ಹೊಟ್ಟು ಬೆರೆಸಿದ್ದ, ತಿಪ್ಪಣ್ಣನಿಗೆ ಅಲ್ಲೇ ಹೇಳಿದೆ. ನಾನು ನುಂಗುವುದನ್ನು ನೋಡಿ ಆಕೆಯೂ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು. ತಿನ್ನಬೇಕು ಅಂತ ತಿಳಿದಿರಬೇಕು. ಮುಖ ಕಿವುಚಿದಳು, ಆದರೆ ಉಗುಳಲಿಲ್ಲ.

ಇನ್ನ ಇದು ನಿಂದು, ನಂದಲ್ಲ ಅಂದೆ. ಮೊರ ಎತ್ತಿಕೊಂಡು ಹೋಗಿ ತೌಡನ್ನು ಎಮ್ಮೆಯ ಗೋದಲಿಗೆ ಸುರಿದೆ. ಮರುದಿನ ಮುಂಜಾನೆ ಹಾಲು ಕುಡಿಸಿ ಗಾಡಿ ಹತ್ತಿಸಿದೆ. ತಿಪ್ಪಿ ಅಳಲಿಲ್ಲ. ಆಕೆ ಕೊಟ್ಟ ಬಿಸ್ಕಿಟು ಕೈಯಲ್ಲಿ ಹಿಡಿದುಕೊಂಡು ಕಿಟಕಿಯಿಂದ ನನ್ನ ಕಡೆ ಚಾಚಿದಳು. ಗಾಡಿ ಹೊರಟುಬಿಟ್ಟಿತ್ತು. ಅದನ್ನು ತಿಂದಳೋ ಇಲ್ಲವೋ ನನಗೆ ಗೊತ್ತಾಗಲಿಲ್ಲ.

ಕೆಲವು ವರ್ಷ ಫೋಟೋ ಬಂದವು. ಹಿಮದಲ್ಲಿ ಕುತ್ತಿಗೆಯ ತನಕ ಬಟ್ಟೆ, ಕೈಗೂ ಚೀಲ. ಮೊಣಕೈ ಒಂದರಲ್ಲೂ ಕಾಣಲಿಲ್ಲ. ಇದು ಬೇರೆ ಕೂಸು ಅಂತ ಪ್ರತಿ ಸಲ ಹೇಳುತ್ತಿದ್ದೆ, ಅಕ್ಕೋರು ನಗುತ್ತಿದ್ದರು. ಅಕ್ಕೋರು ತೀರಿಕೊಂಡ ಮೇಲೆ ಫೋಟೋ ನಿಂತವು.

ಹೋದ ತಿಂಗಳು ಆಟೋ ಇಳಿದು ಆಶ್ರಮದ ಗೇಟು ದಾಟಿದಾಗ ಅಂಗಳದಲ್ಲಿ ಒಬ್ಬಳು ನಿಂತಿದ್ದಳು. ಎರಡೂ ಕೈಯಲ್ಲಿ ಕೋಲು, ಪ್ಯಾಂಟಿನ ಕೆಳಗೆ ಬೂಟು. ನಮ್ಮ ಬಣ್ಣ, ಆದರೆ ನಿಂತ ರೀತಿ ನಮ್ಮದಲ್ಲ. ಮಾತಾಡಿಸಲು ಆಶ್ರಮದ ಕಚೇರಿಯ ಹುಡುಗಿ ಜತೆಗಿದ್ದಳು. ನಾನು ನಮಸ್ಕಾರ ಮಾಡಲಿಲ್ಲ, ಎಡಗೈ ತೋರಿಸಲು ಹೇಳು ಅಂದೆ. ತೋಳು ಮಡಿಚಿದಳು. ಮೂರು ಚುಕ್ಕೆ ಇದ್ದವು, ಮಸುಕಾಗಿದ್ದವು. ಚುಕ್ಕೆ ಯಾರು ಬೇಕಾದರೂ ಹಾಕಿಸಿಕೊಳ್ಳಬಹುದು ಅಂತ ಅನಿಸಿತು.

ಆಕೆ ಏನೋ ಕೇಳಿದಳು. ಕಚೇರಿಯ ಹುಡುಗಿ ಹೇಳಲು ಹಿಂದೆಮುಂದೆ ನೋಡಿದಳು.

"ಅವರನ್ನ ನೀವು ಮಾರಿದ್ದು ಖರೇನಾ ಅಂತ ಕೇಳಾಕತ್ತಾರಜ್ಜಿ. ತೌಡು ಕೊಟ್ಟು ತಿಪ್ಪಿ ಮ್ಯಾಲಿಂದ ತಂದೀವಿ ಅಂತ ಇವರು ಸಣ್ಣವರಿದ್ದಾಗ ಅವರ ತಾಯಿ ಕತಿ ಹೇಳ್ತಿದ್ರಂತ. ದೊಡ್ಡಾಕಿ ಆದಮ್ಯಾಲೆ ಪೇಪರಿನ್ಯಾಗ ಓದ್ಯಾರಂತ, ಬಡವರ ಮಕ್ಕಳನ್ನ ರೊಕ್ಕ ಕೊಟ್ಟು ಒಯ್ದಾರಂತ. ತಾಯಿಗಿ ಹೇಳದ ಬಂದಾರಂತ."

ಹೆತ್ತವರ ಹಾಗೆ ಸಾಕಿದವಳ ಮೇಲೇ ಗುಮಾನಿ ಇಟ್ಟುಕೊಂಡು ಅಷ್ಟು ದೂರದಿಂದ ಬಂದಿದ್ದಳು. ನಾನು ಇಲ್ಲ ಅಂದರೆ ಸುಳ್ಳಾಗುತ್ತಿತ್ತು.

"ಹೌದು, ಮಾರೀನಿ. ಹಂಗೇ ಹೇಳು," ಅಂದೆ. "ಮೊದಲು ನಿನ್ನ ಹೆತ್ತವ್ವನ ಕಡಿಂದ ನಾ ಕೊಂಡೆ, ಆಮ್ಯಾಲೆ ನಿನ್ನ ಸಾಕಿದಾಕಿಗಿ ಮಾರಿದೆ. ಎರಡೂ ಸಲ ತೌಡಿಗೇ. ನೀ ಬದುಕಲಿ ಅಂತ ಮಾಡೂದು ಅದು. ಆ ತೌಡು ಎಮ್ಮಿಗಿ ಹಾಕಿದೆ. ಮರುದಿನ ಎಮ್ಮಿ ಹಾಲು ಕೊಡ್ತು, ಅದನ್ನ ನೀ ಕುಡದು ಗಾಡಿ ಹತ್ತಿದಿ. ನಿನ್ನ ಮಾರಿದ್ದು ನಿನ್ನ ಹೊಟ್ಟಿಗೇ ಹೋತು. ನನ್ನ ಕೈಯಾಗ ಏನೂ ಉಳಿಲಿಲ್ಲ."

ಹುಡುಗಿ ಹೇಳಿದಳು. ಆಕೆ ಹುಡುಗಿಯ ಕಡೆ ನೋಡಲಿಲ್ಲ, ಕಣ್ಣು ಸಣ್ಣ ಮಾಡಿ ನನ್ನನ್ನೇ ನೋಡುತ್ತಿದ್ದಳು. ನಂಬಿದಳೋ ಇಲ್ಲವೋ ಗೊತ್ತಾಗಲಿಲ್ಲ. ನನಗೂ ಆಕೆಯ ಮೇಲೆ ಪೂರಾ ನಂಬಿಕೆ ಬಂದಿರಲಿಲ್ಲ. ತಿಪ್ಪೆ ಇದ್ದ ಜಾಗದಲ್ಲಿ ಈಗ ಸಿಮೆಂಟಿನ ಕಟ್ಟೆ ಕಟ್ಟಿದ್ದಾರೆ. ಅದರ ಮೇಲೆ ಇಬ್ಬರೂ ಕುಂತೆವು. ಬಟ್ಟೆಯ ಗಂಟು ಬಿಚ್ಚಿ ಒಂದು ಉಂಡಿ ಕೊಟ್ಟೆ.

ತಗೊಂಡಳು. ತಿನ್ನಲಿಲ್ಲ. ಮೂಗಿನ ಹತ್ತಿರ ಹಿಡಿದು ಮೂಸಿದಳು. ಆಮೇಲೆ, ತನಗೇ ಗೊತ್ತಿಲ್ಲದವಳ ಹಾಗೆ, ಕೈ ಚಾಚಿ ಅದನ್ನು ನನ್ನ ಮುಂದೆ ಹಿಡಿದಳು.

ನಾನು ಒಂದು ತುಣುಕು ಮುರಿದು ಬಾಯಿಗೆ ಹಾಕಿಕೊಂಡೆ. ಹಲ್ಲಿಲ್ಲ, ನುಂಗಲು ಹೊತ್ತು ಹಿಡಿಯಿತು. ಅವಳು ಕಾದಳು. ಬಾಯಿ ತೆರೆದು ತೋರಿಸಿದೆ. ಆಮೇಲೆ ತಿಂದಳು.